ಲೆಗೊ ಎಟಿ-ಎಟಿಯ ಮೈಕಟ್ಟು ತಿದ್ದುವ ಬಗೆ: ಅಳತೆಪಟ್ಟಿಯಿಂದ ಕೊನೆಯ ಟೈಲ್‌ವರೆಗೆ

ಸ್ಟಾರ್ ವಾರ್ಸ್ ಅಭಿಮಾನಿಗಳಿಗೆ ಎಟಿ-ಎಟಿಯ ಪರಿಚಯ ಬೇಕಿಲ್ಲ. ಉಳಿದವರಿಗಾಗಿ ಒಂದು ಮಾತು: 1980ರಲ್ಲಿ ತೆರೆಕಂಡ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಹಿಮ ಕವಿದ ಹೋತ್ ಗ್ರಹದ ಮೇಲೆ ದಾಳಿಗೆ ಬರುವ ನಾಲ್ಕು ಕಾಲಿನ ಯುದ್ಧಯಂತ್ರ ಅದು. ಲೆಗೊ ಕಂಪನಿ ಇದರ ಹಲವು ಸೆಟ್‌ಗಳನ್ನು ಬೇರೆ ಬೇರೆ ಗಾತ್ರಗಳಲ್ಲಿ ಹೊರತಂದಿದೆ. ಅವುಗಳಲ್ಲಿ ತಿದ್ದುವ ಕೆಲಸಕ್ಕೆ ಅತ್ಯಂತ ಯೋಗ್ಯವಾದದ್ದು 2020ರ 75288 ಸಂಖ್ಯೆಯ ಸೆಟ್ ಎಂಬುದು ನನ್ನ ಅಭಿಪ್ರಾಯ. 1,267 ಬಿಡಿಭಾಗಗಳಿರುವ ಇದು ಗಟ್ಟಿಯಾಗಿ ನಿಲ್ಲುತ್ತದೆ, ಒಳಗೆ ಗೊಂಬೆಗಳನ್ನು ಕೂರಿಸಬಹುದು, ಪಕ್ಕದ ಫಲಕಗಳು ತೆರೆದುಕೊಳ್ಳುತ್ತವೆ. ಆಟಿಕೆಯಾಗಿ ಇದರಲ್ಲಿ ಹುಡುಕಿದರೂ ದೊಡ್ಡ ದೋಷ ಕಾಣದು. ಆದರೆ ಚಿತ್ರದ ಎಟಿ-ಎಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಎದುರಿನಿಂದ ನೋಡಿದರೆ ಏನೋ ದಪ್ಪಗಿದೆ, ಕುಳ್ಳಾಗಿದೆ ಎನ್ನಿಸುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಅಲಂಕಾರಕ್ಕೆ: ಕಾಲಿನ ಸಂದುಗಳನ್ನು ಮುಚ್ಚುವುದು, ಮೈಮೇಲೆ ಸಣ್ಣ ಗ್ರಿಲ್‌ಗಳನ್ನು ಅಂಟಿಸುವುದು, ಬಂದೂಕುಗಳನ್ನು ಬದಲಿಸುವುದು. ಅದು ತಿರುಗುಮುರುಗಾದ ದಾರಿ. ದೇಹದ ಅನುಪಾತ ತಪ್ಪಿದ್ದರೆ ವಿವರಗಳು ಆ ತಪ್ಪನ್ನು ಇನ್ನಷ್ಟು ಎತ್ತಿ ತೋರಿಸುತ್ತವೆ. ಮೊದಲು ಅಳತೆ, ಆಮೇಲೆ ಅಸ್ಥಿಪಂಜರ, ನಂತರ ಕಾಲು, ಎಲ್ಲಕ್ಕಿಂತ ಕೊನೆಗೆ ಚರ್ಮ. ಈ ಕ್ರಮವನ್ನು ಬಿಡದೆ ಹಿಡಿದರೆ ಉಳಿದದ್ದೆಲ್ಲ ತಾಳ್ಮೆಯ ಕೆಲಸ.

ದೋಷ ಎಲ್ಲಿದೆ ಎಂದು ಲೆಕ್ಕದಿಂದಲೇ ತಿಳಿಯಿರಿ

75288ರ ಪ್ರಕಟಿತ ಅಳತೆ ಹೀಗಿದೆ: ಎತ್ತರ 34 ಸೆಂ.ಮೀ., ಉದ್ದ 38 ಸೆಂ.ಮೀ., ಅಗಲ 16 ಸೆಂ.ಮೀ. ಇದರ ಪಕ್ಕಕ್ಕೆ 2021ರ ದೊಡ್ಡ ಸಂಗ್ರಾಹಕರ ಆವೃತ್ತಿಯನ್ನು ಇಡೋಣ. ಅದರ ಸಂಖ್ಯೆ 75313, ಬಿಡಿಭಾಗಗಳು 6,785. ಎತ್ತರ 62, ಉದ್ದ 69, ಅಗಲ 24 ಸೆಂ.ಮೀ. ಆಟದ ಸೌಕರ್ಯಕ್ಕಿಂತ ಆಕಾರದ ನಿಷ್ಠೆಗೆ ಒತ್ತು ಕೊಟ್ಟ ಮಾದರಿ ಅದು.

ಈಗ ಭಾಗಿಸಿ ನೋಡಿ. ಎತ್ತರವನ್ನು ಉದ್ದದಿಂದ ಭಾಗಿಸಿದರೆ ಚಿಕ್ಕದಕ್ಕೆ 0.895, ದೊಡ್ಡದಕ್ಕೆ 0.899. ಎರಡೂ ಬಹುತೇಕ ಒಂದೇ. ಅಗಲವನ್ನು ಉದ್ದದಿಂದ ಭಾಗಿಸಿದರೆ ಚಿಕ್ಕದಕ್ಕೆ 0.421, ದೊಡ್ಡದಕ್ಕೆ 0.348. ಅಂದರೆ ಚಿಕ್ಕ ಎಟಿ-ಎಟಿ ತನ್ನ ಉದ್ದಕ್ಕೆ ಹೋಲಿಸಿದರೆ ಸುಮಾರು ಐದನೇ ಒಂದು ಭಾಗ ಹೆಚ್ಚು ಅಗಲವಾಗಿದೆ. ಕುಳ್ಳು ಎಂದು ಕಣ್ಣಿಗೆ ತೋರಿದ್ದರ ಮೂಲ ಎತ್ತರದಲ್ಲಿಲ್ಲ, ಅಗಲದಲ್ಲಿದೆ. ಕಾಲನ್ನಷ್ಟೇ ಉದ್ದ ಮಾಡಿ ನಿಲ್ಲಿಸಿದರೆ ಯಂತ್ರ ಒಂಟೆಯಂತಾಗುವುದು ಈ ಕಾರಣಕ್ಕೆ.

ಅಗಲ ಹೆಚ್ಚಾದದ್ದಕ್ಕೆ ಕಾರಣವೂ ಸರಳ. ಲೆಗೊ ಗೊಂಬೆಯ ಎತ್ತರ ಸುಮಾರು 4 ಸೆಂ.ಮೀ. ಇದ್ದರೂ ಅದರ ಮೈ ಅಗಲ. ಗೊಂಬೆಗಳನ್ನು ಒಳಗೆ ಕೂರಿಸಿ, ಮಕ್ಕಳ ಬೆರಳು ಹೋಗುವಷ್ಟು ಜಾಗ ಬಿಟ್ಟು, ಹೊರಗೆ ಗೋಡೆ ಕಟ್ಟಿದರೆ ಅಗಲ ತಾನಾಗಿಯೇ ಬೆಳೆಯುತ್ತದೆ.

ಒಂದು ಎಚ್ಚರಿಕೆ: ಪ್ರಕಟಿತ ಅಳತೆಗಳು ಪೂರ್ಣಾಂಕಕ್ಕೆ ತಂದವು, ತಲೆ ಎತ್ತಿದ್ದರೆ ಒಂದು, ಇಳಿಸಿದ್ದರೆ ಇನ್ನೊಂದು. ಆದ್ದರಿಂದ ನಿಮ್ಮ ಕೈಯಲ್ಲಿರುವ ಮಾದರಿಯನ್ನು ಅಳತೆಪಟ್ಟಿಯಿಂದ ಅಳೆಯಿರಿ. ಅತಿ ಅಗಲವಾದ ಭಾಗ ಯಾವುದು, ಪಾದವೇ, ಸೊಂಟದ ಚಕ್ರವೇ, ಪಕ್ಕದ ಫಲಕವೇ ಎಂಬುದನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ಮೂರನ್ನೂ ಒಂದೇ ಪ್ರಮಾಣದಲ್ಲಿ ಇಳಿಸದಿದ್ದರೆ ಹೊಸ ದೋಷ ಹುಟ್ಟುತ್ತದೆ.

ಆಧಾರಚಿತ್ರ ಮತ್ತು ತಾಳಮಾನ

‘ನಿಜವಾದ’ ಎಟಿ-ಎಟಿ ಯಾವುದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಜೋ ಜಾನ್‌ಸ್ಟನ್ ರೂಪಿಸಿದ ವಿನ್ಯಾಸವನ್ನು ಚಿತ್ರದ ವಿಶೇಷ ದೃಶ್ಯತಂತ್ರಗಳನ್ನು ಮಾಡಿದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯಲ್ಲಿ ಬೇರೆ ಬೇರೆ ಗಾತ್ರದ ಮಾದರಿಗಳಾಗಿ ಕಟ್ಟಲಾಗಿತ್ತು. ನಡಿಗೆಯ ಮುಖ್ಯ ದೃಶ್ಯಗಳಿಗೆ ಸುಮಾರು ಅರ್ಧ ಮೀಟರ್ ಎತ್ತರದವು, ದೂರದಲ್ಲಿ ಕಾಣುವುದಕ್ಕೆ ಚಿಕ್ಕವು, ಉರುಳಿ ಬೀಳುವ ದೃಶ್ಯಕ್ಕೆ ದೊಡ್ಡದು. ಗಾತ್ರ ಬದಲಾದಾಗ ವಿವರಗಳೂ ಬದಲಾಗುತ್ತವೆ. ಹಾಗಾಗಿ ಒಂದೇ ಮಾದರಿಯ ಚಿತ್ರಗಳನ್ನು ಆರಿಸಿಕೊಂಡು ಕೊನೆಯವರೆಗೂ ಅದಕ್ಕೇ ಅಂಟಿಕೊಳ್ಳಿ. ನಡಿಗೆಯ ದೃಶ್ಯಗಳ ಮಾದರಿಯನ್ನೇ ಆರಿಸಿ ಎಂಬುದು ನನ್ನ ಸಲಹೆ, ಏಕೆಂದರೆ ನಮ್ಮ ಕಣ್ಣಲ್ಲಿ ಉಳಿದಿರುವುದು ಅದೇ ಆಕೃತಿ.

ಚಿತ್ರದ ದೃಶ್ಯಗಳನ್ನೇ ನಿಲ್ಲಿಸಿ ಅಳೆಯುವುದು ಬೇಡ. ಅಲ್ಲಿ ಕ್ಯಾಮೆರಾ ಹೆಚ್ಚಾಗಿ ಕೆಳಗಿನಿಂದ ನೋಡುತ್ತದೆ, ಕಾಲುಗಳು ಇರುವುದಕ್ಕಿಂತ ಉದ್ದವಾಗಿ ಕಾಣುತ್ತವೆ. ಪ್ರದರ್ಶನದಲ್ಲಿಟ್ಟ ಮೂಲ ಮಾದರಿಯನ್ನು ನೇರ ಪಕ್ಕದಿಂದ, ಸಾಕಷ್ಟು ದೂರ ನಿಂತು ತೆಗೆದ ಫೋಟೊ ಸಿಕ್ಕರೆ ಅದೇ ಒಳ್ಳೆಯದು. ಫೋಟೊ ನೇರವಾಗಿದೆಯೇ ಎಂದು ಪರೀಕ್ಷಿಸುವುದು ಸುಲಭ: ಈ ಬದಿಯ ಪಾದವನ್ನೂ ಆ ಬದಿಯ ಪಾದವನ್ನೂ ಅಳೆಯಿರಿ. ಗಾತ್ರದಲ್ಲಿ ಹೆಚ್ಚು ವ್ಯತ್ಯಾಸವಿದ್ದರೆ ಕ್ಯಾಮೆರಾ ತೀರ ಹತ್ತಿರವಿತ್ತು ಎಂದರ್ಥ, ಆ ಚಿತ್ರ ಪಕ್ಕಕ್ಕಿಡಿ.

ನಮ್ಮ ಶಿಲ್ಪಿಗಳು ಮುಖದ ಉದ್ದವನ್ನು ಒಂದು ತಾಳವೆಂದು ಹಿಡಿದು ಇಡೀ ವಿಗ್ರಹವನ್ನು ನವತಾಳ, ದಶತಾಳ ಎಂದು ಅಳೆಯುತ್ತಿದ್ದರು. ಸೆಂಟಿಮೀಟರುಗಳ ಗೊಡವೆಯಿಲ್ಲದ ಆ ವಿಧಾನವೇ ಇಲ್ಲಿಗೂ ಸರಿ, ವಿಗ್ರಹ ಅಂಗೈಯಷ್ಟಿರಲಿ ಗೋಪುರದಷ್ಟಿರಲಿ ಅನುಪಾತ ಕೆಡುವುದಿಲ್ಲ. ಒಂದೇ ಬದಲಾವಣೆ: ತಲೆಯ ಬದಲು ದೇಹದ ಉದ್ದವನ್ನು ಮೂಲಮಾನವಾಗಿ ಹಿಡಿಯಿರಿ. ಫೋಟೊದಲ್ಲಿ 20 ಮಿ.ಮೀ. ಇರುವ ತಲೆಯನ್ನು ಅಳೆಯುವಾಗ 1 ಮಿ.ಮೀ. ತಪ್ಪಿದರೆ ದೋಷ ಶೇ. 5. ದೇಹ 100 ಮಿ.ಮೀ. ಇದ್ದರೆ ಅದೇ ತಪ್ಪು ಶೇ. 1 ಮಾತ್ರ. ಮೂಲಮಾನದಲ್ಲಿ ಆದ ತಪ್ಪು ಎಲ್ಲ ಅಳತೆಗಳಿಗೂ ಹರಡುವುದರಿಂದ ಇಲ್ಲಿ ಜಿಪುಣತನ ಬೇಡ.

ದೇಹದ ಉದ್ದವನ್ನು 1 ಎಂದು ಇಟ್ಟುಕೊಂಡು ಇವನ್ನು ಬರೆದುಕೊಳ್ಳಿ: ದೇಹದ ಎತ್ತರ, ನೆಲದಿಂದ ಹೊಟ್ಟೆಯವರೆಗಿನ ಎತ್ತರ, ಮುಂಗಾಲು-ಹಿಂಗಾಲುಗಳ ಸೊಂಟದ ಕೀಲುಗಳ ನಡುವಿನ ದೂರ, ತೊಡೆ, ಮೊಣಕಾಲಿನಿಂದ ಕೆಳಗಿನ ಭಾಗ, ಪಾದದ ವ್ಯಾಸ, ಕತ್ತಿನ ಉದ್ದ, ತಲೆಯ ಉದ್ದ. ಪಕ್ಕದ ಅಂಕಣದಲ್ಲಿ ನಿಮ್ಮ ಲೆಗೊ ಮಾದರಿಯ ಅದೇ ಅನುಪಾತಗಳು. ಶೇ. 5ಕ್ಕಿಂತ ಕಡಿಮೆ ವ್ಯತ್ಯಾಸಗಳನ್ನು ಮರೆತುಬಿಡಿ. ಲೆಗೊ ತುಂಡುಗಳ ಮೇಲಿರುವ ಗುಂಡನೆಯ ಉಬ್ಬೇ ಸ್ಟಡ್. ಒಂದು ಸ್ಟಡ್ಡಿನಿಂದ ಮುಂದಿನ ಸ್ಟಡ್ಡಿಗೆ 8 ಮಿ.ಮೀ. ದೂರ, ಅದಕ್ಕಿಂತ ಸೂಕ್ಷ್ಮ ತಿದ್ದುಪಡಿ ಈ ಗಾತ್ರದಲ್ಲಿ ಎಲ್ಲ ಕಡೆಯೂ ಸಾಧ್ಯವಿಲ್ಲ.

ಕತ್ತರಿಸುವುದೋ, ಬೆಳೆಸುವುದೋ

ಅಗಲದ ಅನುಪಾತವನ್ನು 0.421ರಿಂದ 0.35ರ ಸಮೀಪಕ್ಕೆ ತರಲು ಮೂರು ದಾರಿಗಳಿವೆ.

ಉದ್ದವನ್ನು ಮುಟ್ಟದೆ ಅಗಲವನ್ನಷ್ಟೇ ಇಳಿಸುವುದು ಮೊದಲನೆಯದು. 16 ಸೆಂ.ಮೀ. ಇರುವುದನ್ನು ಸುಮಾರು 13.2ಕ್ಕೆ ತರಬೇಕು, ಅಂದರೆ ಮೂರೂವರೆ ಸ್ಟಡ್. ಒಳಗಿನ ಜಾಗ ಬಹುಪಾಲು ಹೋಗುತ್ತದೆ, ಸೊಂಟದ ಕೀಲುಗಳು ಒಂದಕ್ಕೊಂದು ತಾಕುವಷ್ಟು ಹತ್ತಿರ ಬರುತ್ತವೆ. ಅಗಲವನ್ನು ಹಾಗೆಯೇ ಬಿಟ್ಟು ಉಳಿದದ್ದನ್ನು ಬೆಳೆಸುವುದು ಎರಡನೆಯದು. ಉದ್ದ 46 ಸೆಂ.ಮೀ., ಎತ್ತರ 41 ಸೆಂ.ಮೀ. ಆಗಬೇಕು. ಅದು ತಿದ್ದುಪಡಿಯಲ್ಲ, ಹೊಸದಾಗಿ ಕಟ್ಟಿದಂತೆಯೇ. ಬಿಡಿಭಾಗಗಳ ಖರ್ಚೂ ಹಾಗೆಯೇ.

ಮೂರನೆಯದು ನಡುದಾರಿ, ನಾನು ಮನಸಾರೆ ಶಿಫಾರಸು ಮಾಡುವುದು ಇದನ್ನೇ. ಅಗಲದಲ್ಲಿ ಎರಡು ಸ್ಟಡ್ ಕಡಿಮೆ, ಉದ್ದದಲ್ಲಿ ನಾಲ್ಕು ಸ್ಟಡ್ ಹೆಚ್ಚು, ಕಾಲಿನಲ್ಲಿ ನಾಲ್ಕು ಟೆಕ್ನಿಕ್ (ರಂಧ್ರಗಳಿರುವ ತೊಲೆ, ಪಿನ್, ಗೇರುಗಳ ಲೆಗೊ ಬಗೆ) ರಂಧ್ರಗಳಷ್ಟು ಹೆಚ್ಚು. ಆಗ ಅಗಲ 14.4, ಉದ್ದ 41.2, ಎತ್ತರ 37.2 ಸೆಂ.ಮೀ. ಆಗುತ್ತದೆ. ಅಗಲದ ಅನುಪಾತ 0.35, ಎತ್ತರದ್ದು 0.903. ದೊಡ್ಡ ಸೆಟ್ಟಿನ ಅನುಪಾತಗಳಿಗೆ ಕೂದಲೆಳೆಯಷ್ಟು ಹತ್ತಿರ. ಗೊಂಬೆಗಳಿಗೂ ಸ್ವಲ್ಪ ಜಾಗ ಉಳಿಯುತ್ತದೆ.

ಎರಡು ಸ್ಟಡ್ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಎಡಕ್ಕೊಂದು ಬಲಕ್ಕೊಂದು ತೆಗೆದರೆ ನಡುಗೆರೆ ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಕತ್ತು, ಹೊಟ್ಟೆಯ ಬಾಗಿಲು ಎಲ್ಲವೂ ಹಳೆಯ ಜಾಗದಲ್ಲೇ ಕೂಡಿಕೊಳ್ಳುತ್ತವೆ. ಮೂರು ಸ್ಟಡ್ ತೆಗೆಯಲು ಹೋದರೆ ಪ್ರತಿ ಬದಿಗೂ ಒಂದೂವರೆ ಬರುತ್ತದೆ, ಆಗ ಅರ್ಧ ಸ್ಟಡ್ ಸರಿಸುವ ಜಂಪರ್ ಪ್ಲೇಟ್‌ಗಳನ್ನು ಮೈತುಂಬ ಹಾಕಬೇಕಾಗುತ್ತದೆ. ಜಂಪರ್ ಒಂದೇ ಸ್ಟಡ್ಡಿನಲ್ಲಿ ಹಿಡಿದು ನಿಲ್ಲುವುದರಿಂದ ಭಾರ ಹೊರುವ ಜಾಗದಲ್ಲಿ ಅದನ್ನು ನಂಬಲಾಗದು.

ಬಿಚ್ಚುವ ಮೊದಲು ಕಂಪ್ಯೂಟರಿನಲ್ಲಿ

ಬ್ರಿಕ್‌ಲಿಂಕ್‌ನ (ಲೆಗೊ ಬಿಡಿಭಾಗಗಳ ಆನ್‌ಲೈನ್ ಮಾರುಕಟ್ಟೆ) ಸ್ಟುಡಿಯೊ ತಂತ್ರಾಂಶ, ಅಂದರೆ ಲೆಗೊ ಮಾದರಿಗಳನ್ನು ಪರದೆಯ ಮೇಲೆ ಕಟ್ಟುವ ಸಾಧನ, ಉಚಿತವಾಗಿ ಸಿಗುತ್ತದೆ. ಇಡೀ ಮಾದರಿಯನ್ನು ಅದರಲ್ಲಿ ಕಟ್ಟುವ ಅಗತ್ಯವಿಲ್ಲ. ಸೊಂಟದ ಚೌಕಟ್ಟು, ಒಂದು ಕಾಲು, ದೇಹದ ಒಂದು ಬದಿಯ ಫಲಕ, ಇಷ್ಟು ಸಾಕು. ಸೆಟ್ಟಿನ ಕೈಪಿಡಿ ಲೆಗೊ ಜಾಲತಾಣದಲ್ಲಿ ಪಿಡಿಎಫ್ ಆಗಿ ದೊರೆಯುತ್ತದೆ, ಅದನ್ನು ಪಕ್ಕದಲ್ಲಿಟ್ಟುಕೊಂಡು ಕಟ್ಟಿ. ಆಧಾರಚಿತ್ರವನ್ನು ಅದೇ ಅಳತೆಗೆ ಮುದ್ರಿಸಿ ಹಾಳೆಯ ಮೇಲೆ ಬಿಡಿಭಾಗಗಳನ್ನು ಇಟ್ಟು ನೋಡುವ ಹಳೆಯ ವಿಧಾನವೂ ಅಷ್ಟೇ ಒಳ್ಳೆಯದು. ಉದ್ದ 41.2 ಸೆಂ.ಮೀ. ಬರುವಂತೆ ನಾಲ್ಕು ಎ4 ಹಾಳೆಗಳಲ್ಲಿ ಮುದ್ರಿಸಿ ಅಂಟಿಸಿದರೆ ನಿಜಗಾತ್ರದ ನಕ್ಷೆಯೇ ಸಿದ್ಧ. ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಹಾಳೆಯ ಮೇಲೆ ಬೇರೆಯಾಗಿ ಕಾಣುವುದುಂಟು.

ಅಸ್ಥಿಪಂಜರ

ಹೊರಗಿನ ಫಲಕಗಳನ್ನು ಇಡಿಯಾಗಿ ಕಳಚಿ ಪಕ್ಕಕ್ಕಿಡಿ. ಸೊಂಟದ ಕೀಲುಗಳು ಕೂತಿರುವ ಟೆಕ್ನಿಕ್ ಚೌಕಟ್ಟು ಈಗ ನಿಮ್ಮ ಮುಂದಿದೆ. ಅದರಲ್ಲಿ ಎರಡು ಬಗೆಯ ತೊಲೆಗಳನ್ನು ಗುರುತಿಸಿ: ಅಗಲವನ್ನು ನಿರ್ಧರಿಸುವ ಅಡ್ಡ ತೊಲೆಗಳು, ಉದ್ದವನ್ನು ನಿರ್ಧರಿಸುವ ಉದ್ದ ತೊಲೆಗಳು. ಅಡ್ಡ ತೊಲೆಗಳ ಜಾಗಕ್ಕೆ ಎರಡು ರಂಧ್ರ ಕಡಿಮೆ ಇರುವವು, ಉದ್ದ ತೊಲೆಗಳ ಜಾಗಕ್ಕೆ ಹೆಚ್ಚು ಉದ್ದದವು.

ಉದ್ದದ ನಾಲ್ಕು ಸ್ಟಡ್‌ಗಳನ್ನು ಎಲ್ಲಿ ಸೇರಿಸಬೇಕು ಎಂಬುದನ್ನು ನಿಮ್ಮ ಪಟ್ಟಿಯೇ ಹೇಳುತ್ತದೆ. ಸೊಂಟಗಳ ನಡುವಿನ ದೂರ ಕಡಿಮೆಯಿದ್ದರೆ ಎಲ್ಲವನ್ನೂ ಅವುಗಳ ನಡುವೆ ಹಾಕಿ. ಆ ದೂರ ಸರಿಯಿದ್ದು ಕತ್ತು ಮೊಂಡಾಗಿದ್ದರೆ ಮೂರನ್ನು ದೇಹಕ್ಕೂ ಒಂದನ್ನು ಕತ್ತಿಗೂ ಹಂಚಿ. ಸೊಂಟದ ಹೊರಗೆ, ಅಂದರೆ ಎದೆಯ ಕಡೆಗೋ ಬೆನ್ನಹಿಂಬದಿಗೋ ಉದ್ದ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಇಳಿಜಾರಿನ ಸ್ಲೋಪ್‌ಗಳಿವೆ, ಅವುಗಳ ಕೋನ ಕೆಟ್ಟರೆ ಮುಖಲಕ್ಷಣವೇ ಹೋಗುತ್ತದೆ. ನಡುಭಾಗ ಮಾತ್ರ ಸಮತಟ್ಟು, ಅಲ್ಲಿ ನಾಲ್ಕು ಸ್ಟಡ್ ಉದ್ದದ ಹೋಳು ಸೇರಿದ್ದು ಯಾರಿಗೂ ಗೊತ್ತಾಗದು.

ಎರಡು ಗಿಡ್ಡ ತೊಲೆಗಳನ್ನು ತುದಿಗೆ ತುದಿ ಜೋಡಿಸಿ ಉದ್ದ ಮಾಡುವುದನ್ನು ಮಾತ್ರ ಬಿಡಿ. ಆ ಕೂಡುಜಾಗ ಕಾಲಕ್ರಮೇಣ ಜೋಲು ಬೀಳುತ್ತದೆ. ರಂಧ್ರಗಳ ಸಾಲಿರುವ ತೊಲೆಗಳಾದ ಟೆಕ್ನಿಕ್ ಲಿಫ್ಟ್‌ಆರ್ಮ್‌ಗಳಲ್ಲಿ 15 ರಂಧ್ರಗಳವರೆಗೆ ಒಂದೇ ತುಂಡಿನಲ್ಲಿ ಸಿಗುತ್ತವೆ, ಅಂದರೆ 12 ಸೆಂ.ಮೀ. ಅದಕ್ಕೂ ಹೆಚ್ಚು ಬೇಕಾದರೆ ಎರಡು ತೊಲೆಗಳನ್ನು ಕನಿಷ್ಠ ನಾಲ್ಕೈದು ರಂಧ್ರಗಳಷ್ಟು ಒಂದರ ಪಕ್ಕ ಒಂದು ಬರುವಂತೆ ಅತಿಕ್ರಮಿಸಿ ಜೋಡಿಸಿ. ಮೇಲೊಂದು ಜೊತೆ, ಕೆಳಗೊಂದು ಜೊತೆ ತೊಲೆ ಹಾಕಿ, ನಡುವೆ ಲಂಬವಾದ ತುಂಡುಗಳಿಂದ ಕಟ್ಟಿದರೆ ಪೆಟ್ಟಿಗೆಯಂಥ ತೊಲೆಯಾಗುತ್ತದೆ. 5×7 ಮತ್ತು 5×11 ಅಳತೆಯ ಟೆಕ್ನಿಕ್ ಚೌಕಟ್ಟುಗಳು ಸಿಕ್ಕರೆ ಇನ್ನೂ ಒಳ್ಳೆಯದು, ಒಂದೊಂದು ಚೌಕಟ್ಟು ಹತ್ತಾರು ಪಿನ್‌ಗಳ ಕೆಲಸ ಮಾಡುತ್ತದೆ.

ಚೌಕಟ್ಟು ಸಿದ್ಧವಾದ ಮೇಲೆ ಎರಡು ತುದಿಗಳನ್ನು ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ತಿರುಚಿಕೊಂಡರೆ ಮುಂದೆ ಹೋಗಬೇಡಿ. ಒಳಗೆ ಒಂದು ಕರ್ಣರೇಖೆಯ ತೊಲೆ ಬೇಕು. ಲೆಗೊದಲ್ಲಿ ಕರ್ಣ ಸರಿಯಾಗಿ ಕೂರಲು 3-4-5ರ ತ್ರಿಕೋನವನ್ನು ನೆನಪಿಡಿ: ಅಡ್ಡಕ್ಕೆ 3, ಮೇಲಕ್ಕೆ 4 ಅಂತರಗಳಿದ್ದರೆ ಕರ್ಣ ನಿಖರವಾಗಿ 5 ಅಂತರ. ಅಂತರಗಳ ಸಂಖ್ಯೆಗಿಂತ ರಂಧ್ರಗಳ ಸಂಖ್ಯೆ ಒಂದು ಹೆಚ್ಚು, ಆದ್ದರಿಂದ ಕರ್ಣಕ್ಕೆ ಕನಿಷ್ಠ 6 ರಂಧ್ರಗಳು ಬೇಕು.

ಕಾಲುಗಳು

ಎಟಿ-ಎಟಿಯ ಚೆಲುವೆಲ್ಲ ಕಾಲಿನಲ್ಲಿದೆ. ಅಷ್ಟು ದೊಡ್ಡ ಒಡಲನ್ನು ಅಷ್ಟು ತೆಳ್ಳನೆಯ ಕಾಲುಗಳು ಹೊತ್ತಿವೆಯಲ್ಲ ಎಂಬ ಭಯಮಿಶ್ರಿತ ಬೆರಗೇ ಆ ಯಂತ್ರದ ಜೀವಾಳ. ಈ ಭಾಗದಲ್ಲಿ ಅವಸರ ಮಾಡಬೇಡಿ.

ಸೇರಿಸಬೇಕಾದ ನಾಲ್ಕು ಅಂತರಗಳನ್ನು, ಅಂದರೆ 32 ಮಿ.ಮೀ. ಅನ್ನು, ತೊಡೆಗೂ ಮೊಣಕಾಲಿನ ಕೆಳಭಾಗಕ್ಕೂ ಎರಡೆರಡಾಗಿ ಹಂಚುವುದು ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೂ ನಿಮ್ಮ ಪಟ್ಟಿಯನ್ನು ನೋಡಿಯೇ ಹಂಚಿ. ಮೊಣಕಾಲಿನ ಎತ್ತರ ತಪ್ಪಿದರೆ ಕಾಲು ಎಷ್ಟೇ ಉದ್ದವಿದ್ದರೂ ಸರಿಯೆನಿಸುವುದಿಲ್ಲ.

ದಪ್ಪದ ಲೆಕ್ಕ ಇನ್ನೂ ಮುಖ್ಯ. ಲೆಗೊದಲ್ಲಿ ತೆಳು ತುಂಡಾದ ಒಂದು ಪ್ಲೇಟ್ 3.2 ಮಿ.ಮೀ., ಇಟ್ಟಿಗೆಯಂಥ ಒಂದು ಬ್ರಿಕ್ 9.6 ಮಿ.ಮೀ. ಎತ್ತರ. ಐದು ಪ್ಲೇಟ್ ಎಂದರೆ 16 ಮಿ.ಮೀ., ಅದು ಸರಿಯಾಗಿ ಎರಡು ಸ್ಟಡ್. ಪಕ್ಕಕ್ಕೆ ತಿರುಗಿಸಿ ಕಟ್ಟುವ ಎಲ್ಲ ತಂತ್ರಗಳ ಮೂಲ ಈ ಒಂದು ಸಮೀಕರಣದಲ್ಲಿದೆ. ಎರಡು ಸ್ಟಡ್ ದಪ್ಪದ ಕಾಲಿನ ತಿರುಳಿಗೆ ಎರಡೂ ಕಡೆ ಬ್ರಾಕೆಟ್ (ಎಲ್ ಆಕಾರದ ತುಂಡು) ಹಾಕಿ ಅದರ ಮೇಲೆ ಟೈಲ್ (ಮೇಲೆ ಸ್ಟಡ್ ಇಲ್ಲದ ನಯವಾದ ತುಂಡು) ಕೂರಿಸಿದಿರಿ ಎನ್ನಿ. ಬ್ರಾಕೆಟ್ಟಿನ ನಿಂತ ಗೋಡೆ 1.6 ಮಿ.ಮೀ., ಟೈಲ್ 3.2 ಮಿ.ಮೀ. ಒಟ್ಟು ದಪ್ಪ 25.6 ಮಿ.ಮೀ. ಬ್ರಾಕೆಟ್ ಬದಲು, ಪಕ್ಕದಲ್ಲಿ ಸ್ಟಡ್ ಇರುವ ಬ್ರಿಕ್‌ಗಳನ್ನು ತಿರುಳಿನಲ್ಲೇ ಬಳಸಿದರೆ ಒಟ್ಟು 22.4 ಮಿ.ಮೀ. ವ್ಯತ್ಯಾಸ 3.2 ಮಿ.ಮೀ. ಮಾತ್ರ. ಆದರೆ ನಾಲ್ಕು ಕಾಲುಗಳನ್ನು ಒಟ್ಟಿಗೆ ಎದುರಿನಿಂದ ನೋಡಿದಾಗ ಈ ಒಂದು ಪ್ಲೇಟಿನ ಉಳಿತಾಯ ಎದ್ದು ಕಾಣುತ್ತದೆ. ಆದ್ದರಿಂದ ಕಾಲಿನಲ್ಲಿ ಬ್ರಾಕೆಟ್ ಬೇಡ, ಪಕ್ಕದ ಸ್ಟಡ್ಡಿನ ಬ್ರಿಕ್ ಇರಲಿ. ದೇಹದಲ್ಲಿ ಬ್ರಾಕೆಟ್ ಧಾರಾಳವಾಗಿ ಬಳಸಬಹುದು.

ಒಳಬದಿಯ ಸಂದುಗಳನ್ನು ಮುಚ್ಚುವುದೂ ಈ ಹಂತದಲ್ಲೇ. ಒಳಬದಿ ಯಾರಿಗೆ ಕಾಣುತ್ತದೆ ಎಂದುಕೊಳ್ಳಬೇಡಿ. ಪಕ್ಕದಿಂದ ನೋಡುವವರಿಗೆ ಹತ್ತಿರದ ಎರಡು ಕಾಲುಗಳ ಹೊರಬದಿ ಕಂಡರೆ ದೂರದ ಎರಡು ಕಾಲುಗಳ ಒಳಬದಿಯೇ ಕಾಣುವುದು.

ಇನ್ನು ಕೀಲುಗಳು. ಕಾಲು ಉದ್ದವಾದಂತೆ ಕೀಲಿನ ಮೇಲಿನ ಒತ್ತಡವೂ ಏರುತ್ತದೆ. ದೇಹದ ತೂಕ 1 ಕಿಲೊ ಎಂದುಕೊಳ್ಳಿ, ಒಂದು ಕಾಲಿಗೆ 250 ಗ್ರಾಂ. 180 ಮಿ.ಮೀ. ಉದ್ದದ ಕಾಲು 10 ಡಿಗ್ರಿ ವಾಲಿದರೆ ಪಾದ ಸುಮಾರು 31 ಮಿ.ಮೀ. ಆಚೆ ಹೋಗುತ್ತದೆ. ಕಾಲನ್ನು 212 ಮಿ.ಮೀ.ಗೆ ಬೆಳೆಸಿದರೆ ಅದೇ ವಾಲುವಿಕೆಗೆ 37 ಮಿ.ಮೀ. ಕೀಲಿನ ಮೇಲಿನ ತಿರುಚುಬಲ ಆರನೇ ಒಂದು ಭಾಗದಷ್ಟು ಹೆಚ್ಚಾಯಿತು. ನಿಮ್ಮ ಮಾದರಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಈ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ಘರ್ಷಣೆಯ ಪಿನ್‌ಗಳನ್ನೇ ನಂಬಿದ ಕೀಲು ಮೊದಮೊದಲು ನಿಂತು, ಬೇಸಿಗೆಯಲ್ಲಿ ಮೆಲ್ಲನೆ ಕುಸಿಯುವುದು ಇದೇ ಕಾರಣಕ್ಕೆ.

ಪರಿಹಾರಗಳು ಮೂರು. ಕ್ಲಿಕ್ ಹಿಂಜ್‌ಗಳು ಗಟ್ಟಿ, ಆದರೆ ಅವು 22.5 ಡಿಗ್ರಿಯ ಹೆಜ್ಜೆಗಳಲ್ಲಿ ಮಾತ್ರ ನಿಲ್ಲುತ್ತವೆ. ಎಟಿ-ಎಟಿಯ ನಿಧಾನ ಗತಿಗೆ ಅಷ್ಟು ದೊಡ್ಡ ಹೆಜ್ಜೆ ಒಗ್ಗದು, ಮೊಣಕಾಲು ಮುರಿದಂತೆ ಕಾಣುತ್ತದೆ. ಶಾಶ್ವತ ಭಂಗಿಯೇ ಸಾಕೆನ್ನುವವರು ಎರಡು ಆಕ್ಸಲ್ ಕಡ್ಡಿಗಳನ್ನು 157.5 ಡಿಗ್ರಿ ಕೋನದಲ್ಲಿ ಕೂಡಿಸುವ ಕನೆಕ್ಟರನ್ನು ಎತ್ತಿದ ಒಂದೇ ಕಾಲಿಗೆ ಬಳಸಿ, ಉಳಿದ ಮೂರನ್ನು ನೇರವಾಗಿ ಬಿಗಿಯಬಹುದು.

ಮೂರನೆಯದು ಸ್ಕ್ರೂವಿನಂಥ ಸುರುಳಿ ಹಲ್ಲಿನ ವರ್ಮ್ ಗೇರ್, ನನಗೆ ಅತ್ಯಂತ ಪ್ರಿಯವಾದದ್ದು. ವರ್ಮ್ ಒಂದು ಸುತ್ತು ತಿರುಗಿದರೆ ಹಲ್ಲಿನ ಚಕ್ರ ಒಂದೇ ಹಲ್ಲು ಮುಂದೆ ಸರಿಯುತ್ತದೆ. 24 ಹಲ್ಲಿನ ಚಕ್ರವಾದರೆ ಒಂದು ಸುತ್ತಿಗೆ 15 ಡಿಗ್ರಿ, 8 ಹಲ್ಲಿನದಾದರೆ 45 ಡಿಗ್ರಿ. ಚಕ್ರವನ್ನು ಎಷ್ಟೇ ಬಲದಿಂದ ತಳ್ಳಿದರೂ ವರ್ಮ್ ಹಿಂದಕ್ಕೆ ತಿರುಗುವುದಿಲ್ಲ, ಹಾಗಾಗಿ ದೇಹದ ಭಾರಕ್ಕೆ ಕಾಲು ಸರಿಯುವುದಿಲ್ಲ. 24 ಹಲ್ಲಿನ ಚಕ್ರದ ಅಕ್ಷವೇ ಸೊಂಟದ ಅಕ್ಷವಾಗುವಂತೆ ಕಟ್ಟಿ, ವರ್ಮಿನ ಆಕ್ಸಲ್ ತುದಿಯನ್ನು ಹೊಟ್ಟೆಯ ಕೆಳಗೆ ಬೆರಳಿಗೆ ಸಿಗುವಂತೆ ಬಿಟ್ಟರೆ ಪ್ರತಿ ಕಾಲನ್ನೂ ಒಂದೆರಡು ಡಿಗ್ರಿಗಳ ಸೂಕ್ಷ್ಮತೆಯಲ್ಲಿ ಹೊಂದಿಸಬಹುದು. ಜಾಗ ಕಡಿಮೆಯಿರುವ ಮೊಣಕಾಲಿಗೆ ಇದು ಹಿಡಿಸದು, ಅಲ್ಲಿ ಎರಡು ಘರ್ಷಣೆಯ ಪಿನ್‌ಗಳನ್ನು ಒಂದೇ ಅಕ್ಷದಲ್ಲಿ ಎರಡೂ ಬದಿಯಿಂದ ಹಾಕಿ.

ಅಗಲ ಕಡಿಮೆಯಾದ ಕಾರಣ ಎಡ-ಬಲ ಪಾದಗಳ ನಡುವಿನ ಅಂತರವೂ ಇಳಿದಿರುತ್ತದೆ. ಪಾದಗಳು ಒಂದಕ್ಕೊಂದು ತಾಕುತ್ತಿದ್ದರೆ ಅವುಗಳ ವ್ಯಾಸವನ್ನು ಆಧಾರಚಿತ್ರಕ್ಕೆ ಹೋಲಿಸಿ. ಪಾದವನ್ನು ಕಿರಿದು ಮಾಡಿದರೆ ಸ್ಥಿರತೆ ತುಸು ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ.

ಒಡಲು, ಕತ್ತು, ತಲೆ

ಪಕ್ಕದ ಫಲಕಗಳನ್ನು ಮರಳಿ ಜೋಡಿಸುವಾಗ ನಡುವೆ ಸೇರಿಸಿದ ಹೋಳಿನ ಗೆರೆ ಕಾಣದಂತೆ ಪ್ಲೇಟ್‌ಗಳನ್ನು ಗಾರೆಯವರು ಇಟ್ಟಿಗೆ ಕೂರಿಸುವ ಕ್ರಮದಲ್ಲಿ, ಒಂದು ಸಾಲಿನ ಸಂದು ಇನ್ನೊಂದು ಸಾಲಿನ ನಡುವಿಗೆ ಬರುವಂತೆ ಹಾಕಿ. ಪ್ರತಿ ಬದಿಗೂ ಎರಡು ಸ್ಟಡ್‌ಗಳಾದರೂ ಅತಿಕ್ರಮಿಸಬೇಕು. ಬಾಗಿಲುಗಳು ಇನ್ನೂ ತೆರೆಯಬೇಕೇ ಎಂಬುದನ್ನು ಈಗ ನಿರ್ಧರಿಸಿ. ಮನೆಯಲ್ಲಿ ಮಕ್ಕಳಿದ್ದರೆ ತೆರೆಯಲಿ, ಅವರ ಪಾಲನ್ನು ಕಿತ್ತುಕೊಳ್ಳುವುದು ಬೇಡ. ಕಪಾಟಿನಲ್ಲಷ್ಟೇ ಇರುವುದಾದರೆ ಫಲಕಗಳನ್ನು ಬಿಗಿಯಾಗಿ ಕೂರಿಸಿದರೆ ಸಂದುಗಳು ಕೂಡಿಕೊಳ್ಳುತ್ತವೆ.

ಕತ್ತು ಉದ್ದವಾದರೆ ಗುರುತ್ವಕೇಂದ್ರ ಮುಂದಕ್ಕೆ ಹೋಗುತ್ತದೆ ಎಂಬ ಅಂಜಿಕೆ ಹಲವರಿಗಿದೆ. ಲೆಕ್ಕ ಹಾಕಿದರೆ ಅಂಜಿಕೆ ಕರಗುತ್ತದೆ. 150 ಗ್ರಾಂ ತೂಕದ ತಲೆಯನ್ನು 8 ಮಿ.ಮೀ. ಮುಂದೆ ತಂದರೆ, ಒಟ್ಟು ತೂಕ 1,200 ಗ್ರಾಂ ಇರುವ ಮಾದರಿಯ ಗುರುತ್ವಕೇಂದ್ರ ಮುಂದೆ ಸರಿಯುವುದು 1 ಮಿ.ಮೀ. ಮಾತ್ರ. ಕತ್ತು ಜೋಲುವುದು ನಿಜವಾದ ಸಮಸ್ಯೆ. ಅದಕ್ಕೆ ಕತ್ತಿನೊಳಗೆ ಒಂದರ ಮೇಲೊಂದು ಎರಡು ಆಕ್ಸಲ್‌ಗಳನ್ನು ಹಾಯಿಸಿ, ಒಂದೇ ಆಕ್ಸಲ್ ಇದ್ದರೆ ತಲೆ ವಾಲುತ್ತದೆ.

ತಲೆಯನ್ನು ಎಲ್ಲ ಮುಗಿದ ಮೇಲೆ ನೋಡಿ. ದೇಹ ಉದ್ದವಾದ ಮೇಲೆ ಅದೇ ತಲೆ ಸರಿಯಾಗಿ ಕಾಣುವ ಸಂಭವ ಹೆಚ್ಚು.

ಚರ್ಮ ಮತ್ತು ಬಣ್ಣ

ಇಲ್ಲಿ ಒಂದೇ ಸಲಹೆ: ಮಿತವಾಗಿರಿ. ಮೂಲ ಮಾದರಿಯ ಮೈಯಲ್ಲಿ ದೊಡ್ಡ ನಯವಾದ ಫಲಕಗಳಿವೆ, ವಿವರಗಳು ಕೀಲುಗಳ ಬಳಿ, ಹೊಟ್ಟೆಯ ಕೆಳಗೆ, ಕತ್ತಿನ ಸುತ್ತ ಗುಂಪಾಗಿವೆ. ಗ್ರಿಲ್ ಟೈಲ್‌ಗಳನ್ನು ಆ ಜಾಗಗಳಿಗೇ ಮೀಸಲಿಡಿ. ಹಳೆಯ ಪೆಟ್ಟಿಗೆಯಿಂದ ಬೂದು ತುಂಡುಗಳನ್ನು ಆರಿಸುವಾಗ ಹಗಲು ಬೆಳಕಿನಲ್ಲಿ ನೋಡಿ. ಲೆಗೊ ಕಂಪನಿ 2004ರ ಸುಮಾರಿಗೆ ತನ್ನ ಬೂದು ಬಣ್ಣವನ್ನೇ ಬದಲಿಸಿತು. ಹಿಂದಿನದು ತುಸು ಹಳದಿ ಛಾಯೆಯದು, ಈಗಿನದು ನೀಲಿ ಛಾಯೆಯದು. ಎರಡನ್ನೂ ಬೆರೆಸಿದರೆ ತೇಪೆ ಹಾಕಿದಂತಾಗುತ್ತದೆ.

ಬಿಡಿಭಾಗ ಹೊಂದಿಸುವುದು

ಭಾರತದಲ್ಲಿರುವವರಿಗೆ ಇದೇ ದೊಡ್ಡ ತೊಡಕು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಬ್ರಿಕ್‌ಲಿಂಕ್‌ನಲ್ಲಿ ಹೊರದೇಶದ ಮಾರಾಟಗಾರರಿಂದ ಚೂರುಪಾರು ತರಿಸಿದರೆ ಸಾಗಣೆಯ ಖರ್ಚೇ ಬಿಡಿಭಾಗಗಳ ಬೆಲೆಯನ್ನು ಮೀರಬಹುದು. ಹಾಗಾಗಿ ಪಟ್ಟಿಯನ್ನು ಪೂರ್ತಿ ಮಾಡಿ ಒಂದೇ ಬಾರಿಗೆ, ಒಬ್ಬರೇ ಮಾರಾಟಗಾರರಿಂದ ತರಿಸಿ. ಅದಕ್ಕೂ ಮೊದಲು ಒಳಗೆ ಕಾಣದ ಜಾಗದಲ್ಲಿರುವ ಬೂದು ತುಂಡುಗಳನ್ನು ಹೊರಗೆ ತೆಗೆದು, ಅವುಗಳ ಜಾಗಕ್ಕೆ ಮನೆಯಲ್ಲಿರುವ ಕೆಂಪು, ನೀಲಿ, ಹಳದಿ ಯಾವುದನ್ನಾದರೂ ಹಾಕಿ. ಅಗಲ ಕಡಿಮೆ ಮಾಡಿದ್ದರಿಂದ ಉಳಿದ ತುಂಡುಗಳೂ ಉದ್ದಕ್ಕೆ ಬರುತ್ತವೆ. ಹೀಗೆ ಮಾಡಿದರೆ ಹೊಸದಾಗಿ ಬೇಕಾಗುವ ಪಟ್ಟಿ ಗಣನೀಯವಾಗಿ ಕುಗ್ಗುತ್ತದೆ.

ನಿಲ್ಲಿಸುವ ಭಂಗಿ

ಫಿಲ್ ಟಿಪ್ಪೆಟ್ ಮತ್ತು ಜಾನ್ ಬರ್ಗ್ ಅವರ ತಂಡ ಈ ಯಂತ್ರಕ್ಕೆ ಸ್ಟಾಪ್-ಮೋಷನ್ ವಿಧಾನದಲ್ಲಿ (ಮಾದರಿಯನ್ನು ಚೂರುಚೂರೇ ಸರಿಸಿ ಒಂದೊಂದೇ ಚಿತ್ರ ತೆಗೆಯುವುದು) ನಡಿಗೆ ಕೊಡುವ ಮೊದಲು ಆನೆಯ ನಡಿಗೆಯನ್ನು ಅಭ್ಯಾಸ ಮಾಡಿತ್ತು. ಈ ವಿಷಯದಲ್ಲಿ ನಾವು ಭಾಗ್ಯವಂತರು. ಮೈಸೂರಿನ ಜಂಬೂಸವಾರಿಯಲ್ಲೋ ದುಬಾರೆಯಲ್ಲೋ ನೀವೇ ತೆಗೆದ ಮೊಬೈಲ್ ವಿಡಿಯೊವನ್ನು ನಿಧಾನಗತಿಯಲ್ಲಿ ನೋಡಿ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು, ಇದೇ ಕ್ರಮ. ಎಡ ಹಿಂಗಾಲು ನೆಲ ಮುಟ್ಟಿದ ಸ್ವಲ್ಪ ಹೊತ್ತಿಗೆ ಎಡ ಮುಂಗಾಲು ಮೇಲೇಳುವ ಕ್ಷಣವನ್ನು ಹಿಡಿಯಿರಿ. ಎಡ ಮುಂಗಾಲನ್ನು ಒಂದೆರಡು ಸೆಂಟಿಮೀಟರ್ ಎತ್ತಿ, ಎಡ ಹಿಂಗಾಲನ್ನು ಅದರ ಹತ್ತಿರಕ್ಕೆ ತಂದು, ಬಲಬದಿಯ ಎರಡು ಕಾಲುಗಳನ್ನು ದೂರ ದೂರ ಇರಿಸಿ. ಕರ್ಣದ ಎದುರುಬದುರಿನ ಕಾಲುಗಳನ್ನು ಒಟ್ಟಿಗೆ ಎತ್ತಿದರೆ ಕುದುರೆಯ ದುಡುಕೋಟವಾಗುತ್ತದೆ, ಎಟಿ-ಎಟಿಯ ಗಾಂಭೀರ್ಯ ಉಳಿಯುವುದಿಲ್ಲ.

ಒಂದು ಕಾಲು ಮೇಲಿದ್ದಾಗ ಉಳಿದ ಮೂರು ಪಾದಗಳು ಮಾಡುವ ತ್ರಿಕೋನದ ಒಳಗೆ ಗುರುತ್ವಕೇಂದ್ರ ಬೀಳಬೇಕು. ಅದನ್ನು ಕಂಡುಹಿಡಿಯಲು ಕಾಲುಗಳಿಲ್ಲದ ಒಡಲನ್ನು ದಪ್ಪ ಸ್ಕೇಲಿನ ಅಂಚಿನ ಮೇಲೆ ಅಡ್ಡಲಾಗಿಟ್ಟು ಸಮತೂಕ ನಿಲ್ಲುವ ಗೆರೆಯನ್ನು ಗುರುತಿಸಿ. ಕೇಂದ್ರ ತ್ರಿಕೋನದ ಅಂಚಿಗೆ ಬಂದಿದ್ದರೆ ಬಲ ಮುಂಗಾಲನ್ನು ಇನ್ನೊಂದಿಷ್ಟು ಮುಂದಿಡಿ, ಅಥವಾ ಹಿಂಭಾಗದ ಒಳಗೆ ಒಂದೆರಡು ಬ್ರಿಕ್‌ಗಳ ತೂಕ ಸೇರಿಸಿ.

ಕೊನೆಯದಾಗಿ ಗ್ರಾನೈಟ್ ಕಟ್ಟೆಯಂಥ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನೆಲದಿಂದ ಹೊಟ್ಟೆಯವರೆಗಿನ ಎತ್ತರವನ್ನು ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಅಳೆದು ಬರೆದಿಡಿ. ಒಂದು ವಾರ ಬಿಟ್ಟು ಮತ್ತೆ ಅಳೆಯಿರಿ. ಎಲ್ಲಿ 2 ಮಿ.ಮೀ.ಗಿಂತ ಹೆಚ್ಚು ಇಳಿದಿದೆಯೋ ಆ ಕಾಲಿನ ಕೀಲನ್ನು ಬಿಚ್ಚಿ ಪಿನ್ ಬದಲಿಸಿ. ಸೆಟ್ಟಿನಿಂದ ತೆಗೆದ ಮೂಲ ತುಂಡುಗಳನ್ನು ಕೈಪಿಡಿಯ ಪುಟಸಂಖ್ಯೆ ಬರೆದ ಚೀಲಗಳಲ್ಲಿ ಬೇರೆಯಾಗಿಟ್ಟರೆ, ಮುಂದೆ ಎಂದಾದರೂ ಹಳೆಯ ರೂಪಕ್ಕೆ ಮರಳಿಸಬೇಕೆನಿಸಿದಾಗ ಹುಡುಕಾಟ ತಪ್ಪುತ್ತದೆ.